ಜೋಗಿಮಟ್ಟಿಯ ಇಳಿಜಾರಿನಲ್ಲಿ ಸೋತ ಬ್ರೇಕ್: ಹಳೆಯ ಆಕ್ಟೇವಿಯಾ ಆರ್‌ಎಸ್ ಕಾರಿನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕಾರು 2004ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ ಮತ್ತು ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದ ಈ ಗಾಡಿ ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಕಾಣುತ್ತಿದ್ದ ವೇಗದ ಕಾರುಗಳಲ್ಲಿ ಒಂದು. ಇಂದಿಗೂ ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ದಾವಣಗೆರೆಯ ಅಡಿಕೆ ವ್ಯಾಪಾರಿಯೊಬ್ಬರು ಇದನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡಾಗಿ ತಂದು, ಎಂಜಿನ್ನಿನ ಬಲ ಹೆಚ್ಚುವಂತೆ ಅದನ್ನು ನಿಯಂತ್ರಿಸುವ ಕಂಪ್ಯೂಟರಿನ (ಇಸಿಯು) ಲೆಕ್ಕಗಳನ್ನು ಬದಲಿಸಿ, ಅಂದರೆ ರೀಮ್ಯಾಪ್ ಮಾಡಿಸಿ, ಬಹುಪಾಲು ರಾಷ್ಟ್ರೀಯ ಹೆದ್ದಾರಿ 48ರ ಮೇಲೆಯೇ ಓಡಿಸುತ್ತಿದ್ದರು. ಹುಬ್ಬಳ್ಳಿಯ ಕಡೆಗಾಗಲಿ ಬೆಂಗಳೂರಿನ ಕಡೆಗಾಗಲಿ ಆ ದಾರಿ ಅಗಲವಾಗಿ, ಹೆಚ್ಚು ಏರಿಳಿತವಿಲ್ಲದೆ ಸಾಗುತ್ತದೆ. ಒಮ್ಮೆ ವೇಗ ಹಿಡಿದರೆ ಟೋಲ್ ಗೇಟು ಬರುವ ತನಕ ಬ್ರೇಕಿಗೆ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಹಾಗಾಗಿ ಬ್ರೇಕಿನಲ್ಲಿ ಕೊರತೆಯಿದೆ ಎಂಬ ಅನುಮಾನ ಅವರಿಗೆ ಬರುವ ಸಂದರ್ಭವೇ ಒದಗಿರಲಿಲ್ಲ.

ಕೊರತೆ ಕಂಡದ್ದು ಚಿತ್ರದುರ್ಗದಲ್ಲಿ. ಅವರು ಮನೆಯವರನ್ನು ಕೂರಿಸಿಕೊಂಡು ಅರಣ್ಯ ಇಲಾಖೆಯ ಗೇಟು ದಾಟಿ ಜೋಗಿಮಟ್ಟಿ ಗುಡ್ಡ ಹತ್ತಿದ್ದರು. ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ, ಕಿರಿದಾದ ಕಡಿದು ತಿರುವುಗಳ ಆ ರಸ್ತೆಯಲ್ಲಿ, ಮೂರನೇ ಗೇರಿನಲ್ಲೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬಂದರು. ಕೆಲವು ತಿರುವುಗಳ ನಂತರ ಸುಟ್ಟ ವಾಸನೆ ಬಂತು. ಪೆಡಲ್ ಎತ್ತರದಲ್ಲೇ ಇತ್ತು, ಗಟ್ಟಿಯಾಗಿಯೂ ಇತ್ತು, ಆದರೆ ಎಷ್ಟು ಒತ್ತಿದರೂ ಗಾಡಿ ಹಿಡಿತಕ್ಕೆ ಬರಲಿಲ್ಲ. ಅವರು ಗಾಬರಿಯಾಗದೆ ಗೇರು ಇಳಿಸಿ, ಅಗಲವಾದ ಒಂದು ಜಾಗದಲ್ಲಿ ಕಾರನ್ನು ನಿಲ್ಲಿಸಿದರು. ಮಕ್ಕಳು ಇಳಿದು ಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿ, ಫೋಟೊ ತೆಗೆದುಕೊಂಡು ಮತ್ತೆ ಹತ್ತಿದರು. ಐದು ನಿಮಿಷ ಕಳೆದಿರಬಹುದು ಎಂಬುದು ಅವರ ಅಂದಾಜು. ಹೊರಟ ಮೇಲೆ ಮೊದಲನೆಯ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಪಾದದಡಿಯ ಮ್ಯಾಟ್‌ವರೆಗೂ ಇಳಿದುಹೋಯಿತು. ಪೆಡಲನ್ನು ಪಂಪಿನಂತೆ ಬೇಗಬೇಗ ಒತ್ತಿ, ಎರಡನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ಗುಡ್ಡದ ಬುಡದ ಆಡುಮಲ್ಲೇಶ್ವರದವರೆಗೆ ಬಂದು ಮುಟ್ಟಿದರು. ಅಲ್ಲಿ ಬಹಳ ಹೊತ್ತು ಕೂತೆದ್ದ ಮೇಲೆ ಬ್ರೇಕ್ ಏನೂ ಆಗಿಲ್ಲವೆಂಬಂತೆ ಸರಿಯಾಗಿತ್ತು. ದಾವಣಗೆರೆಯವರೆಗಿನ ಸುಮಾರು 60 ಕಿ.ಮೀ. ದಾರಿಯಲ್ಲಿ ಮತ್ತೆ ತೊಂದರೆ ಕಾಣಲಿಲ್ಲ.

ಗಾಡಿ ನಮ್ಮ ಕಾರ್ಯಾಗಾರಕ್ಕೆ ಬಂದಾಗ ಮಾಲೀಕರ ಬೇಡಿಕೆ ಬ್ರೇಕ್ ರಿಪೇರಿಯದ್ದಾಗಿರಲಿಲ್ಲ. ದೊಡ್ಡ ಅಳತೆಯ, ರಂಧ್ರ ಕೊರೆದ ಡಿಸ್ಕುಗಳು ಮತ್ತು ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರುಗಳ ಒಂದು ಕಿಟ್ಟನ್ನು ಅವರು ಆಗಲೇ ಆರಿಸಿಟ್ಟಿದ್ದರು. ಅದನ್ನು ಕೂರಿಸಿಕೊಡಬೇಕೆಂಬುದಷ್ಟೇ ಅವರ ಕೋರಿಕೆ. ಹಳೆಯ ವೇಗದ ಕಾರುಗಳನ್ನು ಇಟ್ಟುಕೊಂಡವರಲ್ಲಿ ಈ ಆತುರ ಸಾಮಾನ್ಯ. ಬ್ರೇಕ್ ಸೋತಿತೆಂದರೆ ಕಂಪನಿಯವರು ಕೊಟ್ಟ ಬ್ರೇಕೇ ಸಾಲದು ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಇಪ್ಪತ್ತು ವರ್ಷದ ಗಾಡಿಯಲ್ಲಿ ಈಗ ಇರುವುದು ಕಂಪನಿಯವರು ಕೊಟ್ಟ ಬ್ರೇಕೇ ಹೌದೋ ಅಲ್ಲವೋ ಎಂಬುದನ್ನು ಮೊದಲು ಅಳೆದು ನೋಡಬೇಕು. ಅಳೆಯುವ ಮೊದಲು ಏನನ್ನೂ ಕೊಳ್ಳಬೇಡಿ ಎಂದು ಹೇಳಿ ಗಾಡಿಯನ್ನು ಇಳಿಸಿಕೊಂಡೆವು.

ಪೆಡಲ್ ಹೇಳಿದ ಸಾಕ್ಷ್ಯ

ಮಾಲೀಕರ ವಿವರಣೆಯಲ್ಲಿಯೇ ಅರ್ಧ ರೋಗನಿರ್ಣಯವಿತ್ತು. ಬಿಸಿಯಿಂದ ಬ್ರೇಕ್ ಸೋಲುವುದು ಎರಡು ಬೇರೆಬೇರೆ ಬಗೆಯಲ್ಲಿ, ಮತ್ತು ಅವೆರಡನ್ನೂ ಕಾಲು ಬೇರೆಬೇರೆಯಾಗಿ ಗುರುತಿಸುತ್ತದೆ. ಪೆಡಲ್ ಎತ್ತರದಲ್ಲಿ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಒತ್ತಡ ಕ್ಯಾಲಿಪರಿನವರೆಗೆ ಸರಿಯಾಗಿಯೇ ತಲುಪುತ್ತಿದೆ, ಕ್ಯಾಲಿಪರಿನೊಳಗೆ ಡಿಸ್ಕಿಗೆ ಉಜ್ಜುವ ಪ್ಯಾಡು ಡಿಸ್ಕನ್ನು ಕಚ್ಚುತ್ತಿಲ್ಲ ಎಂದರ್ಥ. ಪ್ಯಾಡಿನ ವಸ್ತುವನ್ನು ಹಿಡಿದಿಟ್ಟಿರುವ ಫೀನಾಲಿಕ್ ರಾಳ ತನ್ನ ಮಿತಿಗಿಂತ ಹೆಚ್ಚು ಕಾದಾಗ ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ, ಮೂಗಿಗೆ ಆ ಸುಟ್ಟ ವಾಸನೆ ಬಡಿಯುತ್ತದೆ. ಇದಕ್ಕೆ ಬದಲಾಗಿ ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ತೊಂದರೆ ಪ್ಯಾಡಿನದ್ದಲ್ಲ. ಪೆಡಲಿನ ಒತ್ತಡವನ್ನು ಕ್ಯಾಲಿಪರಿಗೆ ಒಯ್ಯುವ ಬ್ರೇಕ್ ಆಯಿಲ್ ಕುದ್ದು ಆವಿಯ ಗುಳ್ಳೆಗಳಾಗಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು, ಆದ್ದರಿಂದ ಕಾಲಿನ ಚಲನೆಯೆಲ್ಲ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ. ಪಂಪ್ ಮಾಡಿದಾಗ ಪೆಡಲ್ ಸ್ವಲ್ಪ ಮೇಲೆ ಬರುವುದಕ್ಕೆ ಕಾರಣ, ಪ್ರತಿ ಒತ್ತಿನಲ್ಲೂ ಟ್ಯಾಂಕಿನಿಂದ ಇನ್ನಷ್ಟು ಆಯಿಲ್ ಒಳಗೆ ಸೇರಿಕೊಂಡು ಗುಳ್ಳೆಗಳ ಜಾಗವನ್ನು ತುಂಬುವುದು.

ಈ ಗಾಡಿಯಲ್ಲಿ ಎರಡೂ ಆಗಿದ್ದವು, ಒಂದರ ಹಿಂದೆ ಒಂದು, ಮತ್ತು ನಡುವೆ ಗಾಡಿ ನಿಂತಿತ್ತು. ಆ ನಿಲುಗಡೆಯೇ ಪ್ರಕರಣದ ಮುಖ್ಯ ಕೊಂಡಿ. ಓಡುತ್ತಿರುವಾಗ ಡಿಸ್ಕಿನ ಸುತ್ತ ಗಾಳಿ ಹರಿಯುತ್ತದೆ, ಎರಡು ಪದರಗಳ ನಡುವೆ ಗಾಳಿಸಂದಿರುವ ಡಿಸ್ಕು ತಿರುಗುತ್ತಾ ತಾನೇ ಗಾಳಿಯನ್ನು ಒಳಗಿನಿಂದ ಹೊರಕ್ಕೆ ದಬ್ಬುತ್ತದೆ, ಹಾಗಾಗಿ ಶಾಖ ಹೆಚ್ಚಾಗಿ ಗಾಳಿಗೆ ಹೋಗುತ್ತದೆ. ಗಾಡಿ ನಿಂತ ಕೂಡಲೇ ಆ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಕಾದ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಅದರ ಹಿಂದಿನ ಆಯಿಲ್‌ಗೆ ಶಾಖ ನಿಧಾನವಾಗಿ ಹತ್ತುತ್ತದೆ. ಡಿಸ್ಕು ತಣಿಯುತ್ತಿರುವ ಅದೇ ನಿಮಿಷಗಳಲ್ಲಿ ಕ್ಯಾಲಿಪರಿನ ಒಳಗಿನ ಆಯಿಲ್ ಮತ್ತಷ್ಟು ಬಿಸಿಯಾಗುತ್ತಿರುತ್ತದೆ. ನಿಲ್ಲಿಸಿದ್ದು ಸರಿಯಾದ ನಿರ್ಧಾರವೇ. ಅರ್ಧ ತಾಸಾದರೂ ನಿಲ್ಲಬೇಕಿತ್ತು, ಹೊರಡುವ ಮೊದಲು ನಿಂತಲ್ಲೇ ಪೆಡಲ್ ಒತ್ತಿ ನೋಡಬೇಕಿತ್ತು. ನಿಲ್ಲುವಾಗಲೂ ಬ್ರೇಕ್ ಪೆಡಲನ್ನು ಒತ್ತಿ ಹಿಡಿದುಕೊಂಡಿರಬಾರದು, ಹ್ಯಾಂಡ್‌ಬ್ರೇಕನ್ನೂ ಬಿಗಿಯಾಗಿ ಎಳೆಯಬಾರದು. ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಉತ್ತಮ. ಕಾದ ಡಿಸ್ಕಿಗೆ ಬಾಟಲಿಯಿಂದ ನೀರು ಸುರಿಯುವ ಚಾಳಿಯನ್ನಂತೂ ಬಿಡಲೇಬೇಕು. ಎರಕದ ಕಬ್ಬಿಣ ಒಂದೇ ಕಡೆ ಥಟ್ಟನೆ ತಣಿದರೆ ಬಿರುಕು ಬಿಡುವ ಸಾಧ್ಯತೆಯಿರುತ್ತದೆ.

ಪೆಡಲ್ ಗಟ್ಟಿಯಾಗಿ ಹಿಡಿತ ಸಿಗದಿರುವುದಕ್ಕೆ ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನ ವ್ಯಾಕ್ಯೂಮ್ (ನಿರ್ವಾತ) ಕಡಿಮೆಯಾಗಿರುವುದೂ ಕಾರಣವಾಗಬಹುದು. ಹಳೆಯ ಟರ್ಬೊ ಎಂಜಿನ್ನುಗಳ ವ್ಯಾಕ್ಯೂಮ್ ಪೈಪುಗಳು ಶಾಖಕ್ಕೆ ಒಣಗಿ ಬಿರಿಯುತ್ತವೆ. ಆದ್ದರಿಂದ ಆ ಸಾಧ್ಯತೆಯನ್ನು ತಳ್ಳಿಹಾಕದೆ ಮುಂದೆ ಹೋಗುವಂತಿರಲಿಲ್ಲ. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಒತ್ತಿ ಹಿಡಿದಿರುವಾಗಲೇ ಸ್ಟಾರ್ಟ್ ಮಾಡಿದಾಗ ಪೆಡಲ್ ಒಂದಿಷ್ಟು ಕೆಳಕ್ಕೆ ಇಳಿಯಿತು. ಬೂಸ್ಟರ್ ಚೆನ್ನಾಗಿತ್ತು. ಅಲ್ಲದೆ ಬೂಸ್ಟರಿನ ದೋಷವಾಗಿದ್ದರೆ ತಣ್ಣಗಿರುವಾಗಲೂ ಕಾಣಿಸಬೇಕಿತ್ತು. ಪೈಪು ಮಾತ್ರ ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿತ್ತು, ಅದನ್ನು ಬದಲಿಸಿದೆವು.

ಎಷ್ಟು ಶಾಖ, ಎಲ್ಲಿಗೆ ಹೋಗಬೇಕು

ಇಲ್ಲಿ ಒಂದು ಸಣ್ಣ ಲೆಕ್ಕ ಅಗತ್ಯ, ಏಕೆಂದರೆ ಗುಡ್ಡ ಮತ್ತು ಹೆದ್ದಾರಿ ಬ್ರೇಕಿನ ಮೇಲೆ ಹೊರಿಸುವ ಹೊರೆಗಳು ಎಷ್ಟು ಬೇರೆ ಎಂಬುದು ಲೆಕ್ಕವಿಲ್ಲದೆ ಮನಸ್ಸಿಗೆ ಹೋಗುವುದಿಲ್ಲ. ಜನ ತುಂಬಿದ ಈ ಕಾರಿನ ತೂಕವನ್ನು 1,600 ಕಿಲೋ ಎಂದು ಇಟ್ಟುಕೊಳ್ಳೋಣ. ಗಂಟೆಗೆ 100 ಕಿ.ಮೀ. ವೇಗದಿಂದ ಅದನ್ನು ಒಮ್ಮೆ ಪೂರ್ತಿ ನಿಲ್ಲಿಸಲು ಸುಮಾರು 617 ಕಿಲೋಜೂಲ್ ಶಕ್ತಿಯನ್ನು ಶಾಖವಾಗಿ ಮಾಡಬೇಕು. ಅದೇ ಕಾರು ಯಾವುದೇ ಗುಡ್ಡದಿಂದ 300 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4,700 ಕಿಲೋಜೂಲ್. ಅಂದರೆ ಹೆದ್ದಾರಿಯಲ್ಲಿ 100ರಿಂದ ಏಳೆಂಟು ಸಲ ಬೆನ್ನುಬೆನ್ನಿಗೆ ಗಾಡಿ ನಿಲ್ಲಿಸಿದಷ್ಟು. ಮುಂದಿನ ಎರಡು ಡಿಸ್ಕುಗಳು ತಲಾ ಆರೂವರೆ ಕಿಲೋ ಇದ್ದು ಶಾಖವೆಲ್ಲ ಅವಕ್ಕೇ ಸೇರಿ, ಗಾಳಿಗೆ ಏನೂ ಹೋಗದಿದ್ದರೆ, ಒಂದೊಂದು ನಿಲುಗಡೆಗೂ ಸುಮಾರು 100 ಡಿಗ್ರಿ ಏರಿಕೆಯಾಗುತ್ತದೆ. ಹಿಂದಿನ ಬ್ರೇಕುಗಳು ಮೂರರಲ್ಲೊಂದು ಪಾಲಿನ ಹತ್ತಿರ ಹೊತ್ತುಕೊಂಡರೆ ಏರಿಕೆ 70 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ 100 ಮತ್ತು 70ರ ನಡುವಣ ಅಂತರವನ್ನು ನೆನಪಿನಲ್ಲಿಡಬೇಕು. ಪ್ರಕರಣದ ಬೇರು ಅಲ್ಲೇ ಇದೆ.

ಬಯಲುಸೀಮೆಯ ಬಿಸಿಲಿನ ಮೇಲೆ ತಪ್ಪು ಹೊರಿಸುವವರು ನಮ್ಮಲ್ಲಿ ಬಹಳ. ಹೊರಗಿನ ಗಾಳಿ 40 ಡಿಗ್ರಿ ಇದ್ದರೇನು, 25 ಇದ್ದರೇನು. 400 ಡಿಗ್ರಿಗೆ ಕಾದ ಡಿಸ್ಕಿಗೆ ಅದು ಅಂಥ ದೊಡ್ಡ ವ್ಯತ್ಯಾಸವಲ್ಲ. ರೀಮ್ಯಾಪಿನ ಪಾತ್ರ ಮಾತ್ರ ನಿಜವಾದದ್ದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 140ರಲ್ಲಿರುವ ಕಾರನ್ನು ನಿಲ್ಲಿಸಲು 100ರಲ್ಲಿರುವುದಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಶಾಖ ಹುಟ್ಟುತ್ತದೆ. ಎಂಜಿನ್ನಿಗೆ ಬಲ ಕೂಡಿಸಿದವರು ಎರಡು ಬ್ರೇಕುಗಳ ನಡುವಿನ ಚಿಕ್ಕ ಅಂತರದಲ್ಲೇ ಗಾಡಿಯನ್ನು ಹೆಚ್ಚಿನ ವೇಗಕ್ಕೆ ಒಯ್ಯುತ್ತಾರೆ, ಡಿಸ್ಕಿಗೆ ತಣಿಯಲು ಸಮಯ ಸಿಗುವುದಿಲ್ಲ. ಆದರೂ ಗುಡ್ಡ ಇಳಿಯುವಾಗ ಆದದ್ದಕ್ಕೆ ರೀಮ್ಯಾಪ್ ಕಾರಣವಲ್ಲ. ಇಳಿಜಾರಿನಲ್ಲಿ ಗಾಡಿಯನ್ನು ಎಳೆಯುವುದು ಭೂಮಿ, ಟರ್ಬೊ ಅಲ್ಲ.

ಚಕ್ರ ಬಿಚ್ಚಿದಾಗ

ಮೊದಲು ಗಾಡಿಯನ್ನು ನಗರದ ಹೊರಗಿನ ಖಾಲಿ ರಸ್ತೆಯಲ್ಲಿ ಮಿತವಾದ ವೇಗದಿಂದ ಸಾಲಾಗಿ ನಿಲ್ಲಿಸಿ, ಇನ್ಫ್ರಾರೆಡ್ ಥರ್ಮಾಮೀಟರನ್ನು ನಾಲ್ಕೂ ಡಿಸ್ಕುಗಳಿಗೆ ಹಿಡಿದೆವು. ಮುಂದಿನ ಎರಡೂ 300 ಡಿಗ್ರಿ ದಾಟಿದ್ದವು. ಹಿಂದಿನ ಬಲಗಡೆಯದು 140ರ ಹತ್ತಿರವಿತ್ತು. ಹಿಂದಿನ ಎಡಗಡೆಯದು 60. ಹೊಳೆಯುವ ಲೋಹದ ಮೇಲೆ ಈ ಉಪಕರಣ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಅಂಕಿಗಳನ್ನು ಅಕ್ಷರಶಃ ನಂಬಬಾರದು; ನಾಲ್ಕನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಮಾತ್ರ ಅವು ಸಾಕು. ಒಂದು ಚಕ್ರ ಹೆಚ್ಚುಕಡಿಮೆ ಕೆಲಸವನ್ನೇ ಮಾಡುತ್ತಿಲ್ಲ ಎಂಬುದು ಪಾನಾ ಹಿಡಿಯುವ ಮೊದಲೇ ಗೊತ್ತಾಯಿತು.

ಹಿಂದಿನ ಎಡ ಚಕ್ರ ಬಿಚ್ಚಿದಾಗ ಡಿಸ್ಕಿನ ಹೊರಮುಖದಲ್ಲಿ ತುಕ್ಕು ಗೀರುಗೀರಾಗಿ ಕೂತಿತ್ತು. ನಡುವೆ ಬೆರಳಗಲದ ಒಂದು ಪಟ್ಟಿ ಮಾತ್ರ ಹೊಳೆಯುತ್ತಿತ್ತು. ಚಕ್ರದ ಸ್ಪೋಕುಗಳ ಸಂದಿನಿಂದ ಬಗ್ಗಿ ನೋಡಿದ್ದರೂ ಇದು ಕಾಣುತ್ತಿತ್ತು. ಹೊರಗಿನ ಪ್ಯಾಡು ಹೊಸದರಷ್ಟೇ ದಪ್ಪವಿತ್ತು, ಒಳಗಿನದು ಸವೆದು ತೆಳ್ಳಗಾಗಿತ್ತು. ಈ ಬಗೆಯ ಕ್ಯಾಲಿಪರಿಗೆ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರ್ ತನ್ನ ಎರಡು ಸ್ಲೈಡ್ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಇಲ್ಲಿ ಪಿನ್ನುಗಳು ತಮ್ಮ ರಂಧ್ರಗಳಲ್ಲಿ ಕಚ್ಚಿಕೊಂಡಿದ್ದವು. ಒಂದನ್ನು ಬಿಡಿಸಲು ಶಾಖ ಕೊಡಬೇಕಾಯಿತು. ಒಳಗೆ ಹಿಂದೆ ಯಾರೋ ಮಾಮೂಲಿ ಗ್ರೀಸು ತುಂಬಿದ್ದರು. ಪೆಟ್ರೋಲಿಯಂ ಗ್ರೀಸು ಪಿನ್ನಿನ ರಬ್ಬರ್ ಕವಚವನ್ನು ಉಬ್ಬಿಸುತ್ತದೆ, ಆಮೇಲೆ ಅದು ಪಿನ್ನನ್ನು ಹಿಡಿದು ಬಿಡುವುದಿಲ್ಲ. ಆ ಜಾಗಕ್ಕೆ ಸಿಲಿಕೋನ್ ಗ್ರೀಸೇ ಆಗಬೇಕು. ಬಲಗಡೆಯ ತೊಂದರೆ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಕ್ಯಾಲಿಪರಿನ ಮೇಲಿರುವ ಹ್ಯಾಂಡ್‌ಬ್ರೇಕ್ ಲಿವರ್ ಪೂರ್ತಿ ಹಿಂದಕ್ಕೆ ಹೋಗದೆ ಪ್ಯಾಡುಗಳು ಸದಾ ಸ್ವಲ್ಪ ತಾಗಿಕೊಂಡೇ ಓಡುತ್ತಿದ್ದವು. ಅವುಗಳ ಮೈ ಗಾಜಿನಂತೆ ನುಣುಪಾಗಿತ್ತು.

ಇದೆಲ್ಲ ಒಂದೇ ದಿನದಲ್ಲಿ ಆದದ್ದಲ್ಲ. ಹಿಂದಿನ ಬ್ರೇಕುಗಳಿಗೆ ಮೊದಲೇ ಹಗುರವಾದ ಪಾಲು. ಚಪ್ಪಟೆ ಹೆದ್ದಾರಿಯಲ್ಲಿ ಅಪರೂಪಕ್ಕೆ ಮೆಲ್ಲಗೆ ಬ್ರೇಕ್ ಒತ್ತುವ ಗಾಡಿಯಲ್ಲಿ ಅವು ತುಕ್ಕನ್ನು ಉಜ್ಜಿ ಕಳೆಯುವಷ್ಟೂ ದುಡಿಯುವುದಿಲ್ಲ. ಮಳೆಗಾಲದ ನೀರು, ಬೇಸಿಗೆಯ ಕೆಂದೂಳು ಎರಡೂ ಸೇರಿ ಪಿನ್ನು ಬಿಗಿಯುತ್ತದೆ. ಮಲೆನಾಡಿನಲ್ಲಿ ದಿನಾ ಘಾಟಿ ಹತ್ತಿಳಿಯುವ ಗಾಡಿಯ ಬ್ರೇಕ್ ಬೇಗ ಸವೆಯುತ್ತದೆ, ನಿಜ, ಆದರೆ ಕೆಟ್ಟದ್ದು ಬೇಗ ಗೊತ್ತಾಗುತ್ತದೆ. ದಾವಣಗೆರೆಯ ಗಾಡಿಗೆ ಆ ಪರೀಕ್ಷೆ ವರ್ಷಗಟ್ಟಲೆ ಆಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಸೀಮೆಯ ಹಳೆಯ ಕಾರುಗಳ ಬ್ರೇಕ್ ಸಮಸ್ಯೆಗಳಲ್ಲಿ ಹೆಚ್ಚಿನವು ಅತಿಯಾದ ಬಳಕೆಯಿಂದಲ್ಲ, ಬಳಕೆಯಿಲ್ಲದಿರುವುದರಿಂದಲೇ ಹುಟ್ಟುತ್ತವೆ.

ಮುಂದಿನ ಡಿಸ್ಕುಗಳಲ್ಲಿ ನೀಲಿ ಛಾಯೆಯ ಕಲೆಗಳಿದ್ದವು, ಕೂದಲೆಳೆಯಂಥ ಸಣ್ಣ ಬಿರುಕುಗಳೂ ಇದ್ದವು. ಮೈಕ್ರೊಮೀಟರ್ ಇಟ್ಟು ಸುತ್ತಲೂ ಅಳೆದಾಗ ದಪ್ಪ ಎಲ್ಲ ಕಡೆಯೂ ಡಿಸ್ಕಿನ ಅಂಚಿನಲ್ಲೇ ಕೆತ್ತಿರುವ ಕನಿಷ್ಠ ಮಿತಿಗಿಂತ ಕಡಿಮೆಯಿತ್ತು. ಮೈ ಮಾತ್ರ ಬಹಳ ಸಮವಾಗಿತ್ತು, ಲೇತ್ ಉಳಿಯ ಗೆರೆಗಳು ಮಸುಕಾಗಿ ಕಾಣುತ್ತಿದ್ದವು. ಕೇಳಿದಾಗ, ಹಿಂದೊಮ್ಮೆ ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗುತ್ತಿದ್ದುದರಿಂದ ಡಿಸ್ಕುಗಳನ್ನು ಲೇತಿಗೆ ಹಾಕಿಸಿದ್ದಾಗಿ ಮಾಲೀಕರು ತಿಳಿಸಿದರು.

ಈ ಸೀಮೆಯಲ್ಲಿ ಲೇತ್ ಕೆಲಸಕ್ಕೆ ಒಂದು ಪರಂಪರೆಯೇ ಇದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದರೂ ಅದರ ಯಂತ್ರಗಳು ಇಲ್ಲಿನ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ, ಒಳ್ಳೆಯ ಟರ್ನರುಗಳೂ ಇದ್ದಾರೆ. ಡಿಸ್ಕು ನಡುಗಿದರೆ ಹೊಸದು ಕೊಳ್ಳುವ ಬದಲು ಒಂದು ಕಟ್ ಹೊಡೆಸಿಬಿಡೋಣ ಎನ್ನುವುದು ಹಾಗಾಗಿ ಸಹಜ. ಕೆಲಸದ ನಯದಲ್ಲಿ ಕುಂದಿಲ್ಲ, ಲೋಹದಲ್ಲಿ ಕುಂದು. ಹೊಸದಾಗಿ 25 ಮಿ.ಮೀ. ದಪ್ಪವಿರುವ, ನಡುವೆ 9 ಮಿ.ಮೀ. ಗಾಳಿಸಂದಿರುವ ಡಿಸ್ಕೊಂದನ್ನು ಉದಾಹರಣೆಗೆ ತೆಗೆದುಕೊಂಡರೆ ಅದರ ಎರಡು ಕೆನ್ನೆಗಳು ತಲಾ 8 ಮಿ.ಮೀ. ಅದನ್ನು 22ಕ್ಕೆ ಇಳಿಸಿದಾಗ ಕೆನ್ನೆ ಆರೂವರೆಯಾಗುತ್ತದೆ. ಹೊರಗಿನಿಂದ ನೋಡಿದರೆ ಎಂಟರಲ್ಲೊಂದು ಪಾಲು ಹೋದಂತೆ ಕಾಣುತ್ತದೆ, ಆದರೆ ಶಾಖ ಹಿಡಿದಿಡುವ ಕಬ್ಬಿಣದಲ್ಲಿ ಐದರಲ್ಲೊಂದು ಪಾಲು ಹೋಗಿರುತ್ತದೆ. ಅಷ್ಟೇ ಶಾಖಕ್ಕೆ ಡಿಸ್ಕು ಅಷ್ಟೇ ಹೆಚ್ಚು ಬೇಗ ಕಾಯುತ್ತದೆ. ನಡುಕಕ್ಕೂ ಎಷ್ಟೋ ಸಲ ಡಿಸ್ಕು ಬಾಗಿರುವುದು ಕಾರಣವಾಗಿರುವುದಿಲ್ಲ. ಡಿಸ್ಕನ್ನು ಕೂರಿಸುವ ಚಕ್ರದ ಹಬ್ಬಿನ ಮುಖದಲ್ಲಿ ಕೂತ ತುಕ್ಕಿನ ಪದರ ಡಿಸ್ಕನ್ನು ಕೂದಲೆಳೆಯಷ್ಟು ಓರೆ ಮಾಡಿರುತ್ತದೆ, ಕಾಲಕ್ರಮದಲ್ಲಿ ಆ ಓರೆಯೇ ಡಿಸ್ಕನ್ನು ಒಂದು ಕಡೆ ಸವೆಸುತ್ತದೆ. ಡಯಲ್ ಗೇಜಿನಲ್ಲಿ 0.1 ಮಿ.ಮೀ. ಓರೆ ಕಂಡರೂ ಅದು ಹೆಚ್ಚೇ. ಈ ಗಾಡಿಯ ಹಬ್ಬಿನ ಮೇಲೆ ತಂತಿ ಬ್ರಷ್ಷಿಗೆ ಸಾಕಷ್ಟು ಕೆಲಸವಿತ್ತು.

ಮುಂದಿನ ಪ್ಯಾಡುಗಳ ಅಂಚಿನಲ್ಲಿ ತಯಾರಕರ ಸಂಕೇತದ ಕೊನೆಗೆ ‘ಇಇ’ ಎಂಬ ಎರಡಕ್ಷರಗಳಿದ್ದವು. ಪ್ಯಾಡು ಕೊಳ್ಳುವವರು ಈ ಎರಡಕ್ಷರಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆಯನ್ನು, ಎರಡನೆಯದು ಹೆಚ್ಚು ಬಿಸಿಯಲ್ಲಿನ ಘರ್ಷಣೆಯನ್ನು ಸೂಚಿಸುತ್ತದೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಈ ಪ್ರಯೋಗಾಲಯ ಪರೀಕ್ಷೆ ಸುಮಾರು 340 ಡಿಗ್ರಿಯವರೆಗಷ್ಟೇ ಹೋಗುತ್ತದೆ, ಅದಕ್ಕೂ ಮೇಲೆ ಪ್ಯಾಡು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅಕ್ಷರಗಳು ಹೇಳಲಾರವು. ಆದರೂ ಇಂಥ ತೂಕದ, ಇಂಥ ವೇಗದ ಗಾಡಿಗೆ ‘ಇಇ’ ಹಾಕಿದ್ದು ಅಗ್ಗವೆಂಬ ಒಂದೇ ಕಾರಣಕ್ಕೆ ಎಂಬುದರಲ್ಲಿ ಸಂಶಯವಿಲ್ಲ.

ಬ್ರೇಕ್ ಆಯಿಲ್ ಕಡು ಕಾಫಿ ಬಣ್ಣಕ್ಕೆ ತಿರುಗಿತ್ತು. ಬಣ್ಣವೊಂದನ್ನೇ ನಂಬದೆ, ಆಯಿಲನ್ನು ನಿಜವಾಗಿ ಕಾಯಿಸಿ ಕುದಿಬಿಂದು ಹೇಳುವ ಉಪಕರಣದಲ್ಲಿ ಪರೀಕ್ಷಿಸಿದೆವು. ದೀಪ ಉರಿಸುವ ಪೆನ್ನಿನಂಥ ಅಗ್ಗದ ಸಾಧನಗಳ ಮೇಲೆ ನನಗೆ ಭರವಸೆಯಿಲ್ಲ. ಕುದಿಬಿಂದು 150 ಡಿಗ್ರಿಗಿಂತ ಕೆಳಗಿತ್ತು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಅದರಲ್ಲಿ 3.7 ಶೇಕಡಾ ನೀರು ಸೇರಿದ ಮೇಲೂ 155ರವರೆಗೆ ತಡೆಯಬೇಕೆಂಬುದು ಮಾನದಂಡ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180. ಗ್ಲೈಕಾಲ್ ಆಧಾರಿತವಾದ ಈ ಆಯಿಲ್ ರಬ್ಬರ್ ಹೋಸುಗಳ ಮೈಯಿಂದಲೂ ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಯಿಂದಲೂ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಅದಕ್ಕೇ. ಈ ಗಾಡಿಯಲ್ಲಿ ಟ್ಯಾಂಕು ಕಡಿಮೆಯಾದಾಗಲೆಲ್ಲ ಮೇಲಿನಿಂದ ಸುರಿದಿದ್ದರೇ ಹೊರತು ಹಳೆಯದನ್ನು ಯಾರೂ ಹೊರಹಾಕಿರಲಿಲ್ಲ. ಮೇಲಿನಿಂದ ಸುರಿದ ಹೊಸ ಆಯಿಲ್ ಕ್ಯಾಲಿಪರಿನ ತಳಕ್ಕೆ ತಲುಪುವುದಿಲ್ಲ, ಕುದಿಯುವುದು ಮಾತ್ರ ಅಲ್ಲಿಯೇ.

ಮಾಡಿದ ಕೆಲಸ ಮತ್ತು ಮಾಡದ ಕೆಲಸ

ಹಿಂದಿನ ಎರಡೂ ಕ್ಯಾಲಿಪರುಗಳನ್ನು ಬದಲಿಸಿದೆವು. ಹ್ಯಾಂಡ್‌ಬ್ರೇಕಿನ ಒಳಯಂತ್ರ ತುಕ್ಕು ಹಿಡಿದ ಮೇಲೆ ಅದನ್ನು ಬಿಚ್ಚಿ ರಿಪೇರಿ ಮಾಡುವುದು ಬಾಳಿಕೆ ಬರುವುದಿಲ್ಲ. ನಾಲ್ಕೂ ಕಡೆ ಕಂಪನಿಯ ಅಳತೆಯ ಹೊಸ ಡಿಸ್ಕು, ‘ಎಫ್‌ಎಫ್’ ದರ್ಜೆಯ ಪ್ಯಾಡು, ಹೊಸ ರಬ್ಬರ್ ಹೋಸು, ಡಾಟ್ 5.1 ಆಯಿಲ್. ಸಿಲಿಕೋನಿನ ಡಾಟ್ 5 ಬೇರೆಯೇ ವಸ್ತು, ಅದನ್ನು ಈ ವ್ಯವಸ್ಥೆಗೆ ಬೆರೆಸಬಾರದು. ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಆ ಒಂದು ಚುಕ್ಕಿ ಮತ್ತು ಅಂಕಿಯನ್ನು ನೋಡಿಕೊಳ್ಳಬೇಕು.

ರಂಧ್ರ ಕೊರೆದ ಡಿಸ್ಕುಗಳನ್ನು ಹಾಕಲಿಲ್ಲ. ರಂಧ್ರ ಎಂದರೆ ಕಡಿಮೆ ಕಬ್ಬಿಣ. ಶಾಖ ತಾಳುವುದೇ ಸಮಸ್ಯೆಯಾಗಿರುವ ಗಾಡಿಗೆ ಕಬ್ಬಿಣ ಕಡಿಮೆ ಮಾಡುವುದರಲ್ಲಿ ಅರ್ಥವಿಲ್ಲ, ಬಿರುಕು ಮೊದಲು ಶುರುವಾಗುವುದೂ ಆ ರಂಧ್ರಗಳ ಅಂಚಿನಲ್ಲೇ. ಸ್ಟೀಲ್ ಹೆಣಿಗೆಯ ಹೋಸಿನಿಂದ ಪೆಡಲ್ ಗಟ್ಟಿ ಅನಿಸಬಹುದು, ಆದರೆ ಅದು ಆಯಿಲ್ ಕುದಿಯುವುದನ್ನು ತಡೆಯುವುದಿಲ್ಲ. ದೊಡ್ಡ ಡಿಸ್ಕಿನ ಕಿಟ್ಟಿನ ಬಗ್ಗೆ ನಮಗೆ ವಿರೋಧವಿಲ್ಲ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಅದು ಬೇಕಾದೀತು. ಆದರೆ ಹಿಂದಿನ ಬ್ರೇಕು ಕಚ್ಚಿಕೊಂಡಿದ್ದ ಈ ಗಾಡಿಯ ಮುಂದಿನ ಬ್ರೇಕನ್ನು ಮಾತ್ರ ಹಿಗ್ಗಿಸಿದ್ದರೆ ರೋಗ ಮುಚ್ಚಿಹೋಗುತ್ತಿತ್ತು, ಒದ್ದೆ ರಸ್ತೆಯಲ್ಲಿ ಅದರ ಪರಿಣಾಮ ಇನ್ನೂ ಕೆಟ್ಟದಾಗಿರುತ್ತಿತ್ತು. ಮಾಲೀಕರು ಇದನ್ನು ಒಪ್ಪಿಕೊಳ್ಳಲು ಎಡಗಡೆಯ ತುಕ್ಕು ಹಿಡಿದ ಡಿಸ್ಕನ್ನು ಕೈಗೆ ಕೊಟ್ಟು ತೋರಿಸಬೇಕಾಯಿತು.

ಬ್ರೇಕ್ ಆಯಿಲ್‌ನಲ್ಲಿ ಸೇರಿಕೊಂಡ ಗಾಳಿಯನ್ನು, ಅಂದರೆ ಏರ್ ತೆಗೆದು ಮುಗಿಸಿದ ಮೇಲೆ ಒಂದು ಹೊಸ ಸಂಗತಿ ಎದುರಾಯಿತು. ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒತ್ತಿ ಹಿಡಿದರೆ ಅದು ಬಹಳ ನಿಧಾನವಾಗಿ ಇಳಿಯುತ್ತಿತ್ತು, ಹೊರಗೆ ಎಲ್ಲೂ ಸೋರಿಕೆ ಇರಲಿಲ್ಲ. ಪೆಡಲಿನ ಒತ್ತಿಗೆ ಆಯಿಲನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ಹಾಳಾಗಿತ್ತು. ಹಳೆಯ ಗಾಡಿಯಲ್ಲಿ ಸೀಲುಗಳು ವರ್ಷಗಟ್ಟಲೆ ಸಿಲಿಂಡರಿನ ಮೇಲ್ಭಾಗದಲ್ಲಷ್ಟೇ ಓಡಾಡಿರುತ್ತವೆ. ಅದರಾಚೆಯ ಗೋಡೆಯ ಮೇಲೆ ನೀರು ಸೇರಿದ ಆಯಿಲ್‌ನಿಂದ ತುಕ್ಕು, ಕೊಳೆ ಕೂತಿರುತ್ತದೆ. ಗುಡ್ಡದಲ್ಲಿ ಪೆಡಲ್ ನೆಲ ಮುಟ್ಟುವಂತೆ ಪಂಪ್ ಮಾಡಿದಾಗ ಸೀಲು ಆ ಒರಟು ಭಾಗಕ್ಕೆ ಹೋಗಿ ಹರಿದಿತ್ತು. ಜೀವ ಉಳಿಸಿಕೊಳ್ಳಲು ಮಾಡಿದ ಪಂಪಿಂಗ್ ಅದು, ಮಾಡಲೇಬೇಕಿತ್ತು. ಗ್ಯಾರೇಜಿನಲ್ಲಿ ಏರ್ ತೆಗೆಯುವ ಹುಡುಗರು ಮಾತ್ರ ಹಳೆಯ ಗಾಡಿಯ ಪೆಡಲನ್ನು ಪೂರ್ತಿ ತಳಕ್ಕೆ ಒತ್ತಬಾರದು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು, ಇಲ್ಲವೆ ಆಯಿಲನ್ನು ಒತ್ತಡದಿಂದ ತಳ್ಳಿ ಏರ್ ತೆಗೆಯುವ ಪ್ರೆಶರ್ ಬ್ಲೀಡರ್ ಬಳಸಬೇಕು. ಮಾಸ್ಟರ್ ಸಿಲಿಂಡರನ್ನೂ ಬದಲಿಸಿದೆವು.

ಹೊಸ ಪ್ಯಾಡಿನ ಮೇಲ್ಪದರ ಮೊದಲ ಸಲ ಕಾದಾಗ ಅನಿಲ ಬಿಡುವುದರಿಂದ, ಹಾಕಿದ ಮಾರನೆಯ ದಿನವೇ ಗುಡ್ಡಕ್ಕೆ ಹೋದರೆ ಹೊಸ ಬ್ರೇಕೂ ಸೋಲಬಹುದು. ಖಾಲಿ ರಸ್ತೆಯಲ್ಲಿ ಗಂಟೆಗೆ 80ರಿಂದ 10–15ರವರೆಗೆ ಹದವಾಗಿ ಬ್ರೇಕ್ ಹಾಕುತ್ತಾ, ಪೂರ್ತಿ ನಿಲ್ಲಿಸದೆ, ಪ್ಯಾಡು ಡಿಸ್ಕುಗಳನ್ನು ಹೊಂದಿಸಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿದೆವು. ಬಳಿಕ ಅದೇ ಖಾಲಿ ರಸ್ತೆಯಲ್ಲಿ ಸಾಲು ಪರೀಕ್ಷೆ. ಯುರೋಪಿನ ಆರ್13-ಎಚ್ ನಿಯಮದಲ್ಲಿ ಕಾರುಗಳಿಗೆ ಇಂಥದ್ದೊಂದು ಪರೀಕ್ಷೆಯಿದೆ: ಗರಿಷ್ಠ ವೇಗದ 80 ಶೇಕಡಾದಿಂದ, ಆದರೆ 120 ಕಿ.ಮೀ. ಮೀರದಂತೆ, ಅದರ ಅರ್ಧಕ್ಕೆ, 45 ಸೆಕೆಂಡಿಗೊಮ್ಮೆ 15 ಸಲ ಬ್ರೇಕ್ ಹಾಕಿದ ಮೇಲೂ ತಣ್ಣಗಿದ್ದಾಗಿನ ಸಾಮರ್ಥ್ಯದ ಕನಿಷ್ಠ 60 ಶೇಕಡಾ ಉಳಿದಿರಬೇಕು. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಹಾಗೇ ಮಾಡುವಂತಿಲ್ಲ. ಕಡಿಮೆ ವೇಗದಲ್ಲಿ ಅದೇ ಕ್ರಮ ಅನುಸರಿಸಿದಾಗ ಪೆಡಲಿನ ಎತ್ತರ ಮೊದಲಿನಿಂದ ಕೊನೆಯವರೆಗೆ ಬದಲಾಗಲಿಲ್ಲ. ಹಿಂದಿನ ಡಿಸ್ಕುಗಳೆರಡೂ ಮುಂದಿನವುಗಳ ಅರ್ಧದಷ್ಟು ಬಿಸಿ ತೋರಿಸಿದವು. ಆರೋಗ್ಯವಂತ ಗಾಡಿಯಲ್ಲಿ ನಾವು ಬಯಸುವುದು ಹೆಚ್ಚುಕಡಿಮೆ ಅಷ್ಟನ್ನೇ.

ಮತ್ತೆ ಅದೇ ಇಳಿಜಾರು

ಜೋಗಿಮಟ್ಟಿಗೆ ಮಾಲೀಕರೊಂದಿಗೇ ಹೋದೆವು. ಈ ಸಲ ಮೇಲಿನಿಂದಲೇ ಎರಡನೇ ಗೇರು, ಕಡಿದಾದಲ್ಲಿ ಮೊದಲನೆಯದು. 4,700 ಕಿಲೋಜೂಲನ್ನು ಐದು ನಿಮಿಷದಲ್ಲಿ ಇಳಿಸಿದರೆ ಸರಾಸರಿ 15 ಕಿಲೋವ್ಯಾಟಿಗೂ ಹೆಚ್ಚು ಶಾಖ. ಹತ್ತು ನಿಮಿಷ ತೆಗೆದುಕೊಂಡರೆ ಅದರ ಅರ್ಧ, ಅದರಲ್ಲೂ ಹಲವು ಕಿಲೋವ್ಯಾಟನ್ನು ಕೆಳಗಿನ ಗೇರಿನಲ್ಲಿರುವ ಎಂಜಿನ್ನೇ ನುಂಗುತ್ತದೆ. ಬ್ರೇಕನ್ನು ಒತ್ತಿ ಬಿಟ್ಟು ಇಳಿಯಬೇಕೇ, ಸದಾ ಮೆಲ್ಲಗೆ ಹಿಡಿದು ಇಳಿಯಬೇಕೇ ಎಂಬ ಚರ್ಚೆ ಚಹಾ ಅಂಗಡಿಗಳಲ್ಲಿ ಮುಗಿಯುವುದೇ ಇಲ್ಲ. ಸರಾಸರಿ ವೇಗ ಒಂದೇ ಆಗಿದ್ದರೆ ಒಟ್ಟು ಶಾಖವೂ ಒಂದೇ. ಒತ್ತಿ ಬಿಡುವುದರಿಂದ ಪ್ಯಾಡಿನ ಮೈಗೆ ನಡುನಡುವೆ ಬಿಡುವು ಸಿಗುತ್ತದೆ ಎಂಬ ಲಾಭವಿದೆ, ಆದರೆ ಗೇರಿನ ಆಯ್ಕೆಯ ಮುಂದೆ ಅದು ಸಣ್ಣದು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವವರಿಗೆ ತಿಳಿಯಬೇಕಾದದ್ದು ಬೇರೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದರೆ ಇಸಿಯು ಪೆಟ್ರೋಲನ್ನು ಸಂಪೂರ್ಣ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದಾಗಲೇ ಎಂಜಿನ್ ಚಾಲೂ ಇರಲು ಪೆಟ್ರೋಲ್ ಬೇಕಾಗುತ್ತದೆ. ಎಂಜಿನ್ನನ್ನೇ ಆರಿಸಿದರಂತೂ ಎರಡು ಮೂರು ಸಲ ಒತ್ತಿದ ಮೇಲೆ ಬೂಸ್ಟರಿನ ನೆರವೂ ಮುಗಿದುಹೋಗುತ್ತದೆ.

ಕೆಳಗೆ ಬಂದು ಅಳೆದಾಗ ಮುಂದಿನ ಡಿಸ್ಕುಗಳು 200 ಡಿಗ್ರಿ ಮುಟ್ಟಿರಲಿಲ್ಲ. ವಾಸನೆಯಿಲ್ಲ, ಪೆಡಲಿನ ಎತ್ತರದಲ್ಲಿ ಬದಲಾವಣೆಯಿಲ್ಲ. ಬೇಕೆಂದೇ ಗಾಡಿಯನ್ನು ಐದು ನಿಮಿಷ ನಿಲ್ಲಿಸಿ ಮತ್ತೆ ಪೆಡಲ್ ಒತ್ತಿ ನೋಡಿದೆವು. ಅದು ಇದ್ದಲ್ಲೇ ಇತ್ತು. ಹಿಂದಿನ ಬಲ ಡಿಸ್ಕು ಎಡಗಡೆಯದಕ್ಕಿಂತ ಇನ್ನೂ ಸ್ವಲ್ಪ ಹೆಚ್ಚು ಬಿಸಿಯಿತ್ತು. ಹೊಸ ಕ್ಯಾಲಿಪರ್ ಹಾಕಿದ ಮೇಲೂ ಹಾಗಿರುವುದರಿಂದ ಹ್ಯಾಂಡ್‌ಬ್ರೇಕಿನ ಬಲಗಡೆಯ ಕೇಬಲ್ ತನ್ನ ಕವಚದೊಳಗೆ ಬಿಗಿಯಾಗಿದೆ ಎಂದು ತಿಳಿಯಬೇಕು. ಕೇಬಲ್ ತರಿಸಲು ಹೇಳಿದ್ದೇವೆ. ಅದು ಬರುವವರೆಗೆ ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಗೇರಿನಲ್ಲಿಟ್ಟೇ ನಿಲ್ಲಿಸಬೇಕೆಂದೂ, ಮುಂದಿನ ಮಳೆಗಾಲ ಮುಗಿದ ಕೂಡಲೇ ಹಿಂದಿನ ಸ್ಲೈಡ್ ಪಿನ್ನುಗಳನ್ನು ಬಿಚ್ಚಿ ನೋಡಬೇಕೆಂದೂ ಗಾಡಿಯ ಸರ್ವಿಸ್ ಕಾರ್ಡಿನಲ್ಲಿ ಬರೆದುಕೊಟ್ಟಿದ್ದೇವೆ.